ಗಿರಿಜಾ ಮೇಡಂ ಕೇಳುತ್ತಿದ್ದ ಕಾರಣ

ಗಿರಿಜಾ ಮೇಡಂ ಎದುರು ‘ಏನೋ ಆಗಿ ಹೋಯ್ತು’ ಎನ್ನುವಂತಿರಲಿಲ್ಲ. ಒಮ್ಮೆ ನನ್ನ ಬ್ಯಾಗಿನಲ್ಲಿ ಸಾರು ಚೆಲ್ಲಿತ್ತು. ಹಾಗೇ ಚೆಲ್ಲಿಬಿಟ್ಟಿತು ಎಂದೆ.

“ಹಾಗೇ ಹೇಗೆ ಚೆಲ್ಲುತ್ತೆ ಹರೀಶ? ಮುಚ್ಚಳ ಸಡಿಲ ಇತ್ತಾ, ಡಬ್ಬಿ ಅಡ್ಡ ಬಿತ್ತಾ?”

ನಾನು ಮುಚ್ಚಳ ತಿರುಗಿಸಿ ನೋಡಿ, ಒಳಗಿನ ರಬ್ಬರ್ ಹರಿದಿರುವುದನ್ನು ತೋರಿಸಿದ ಮೇಲೆಯೇ ಅವರು ಊಟಕ್ಕೆ ಕೈ ಹಾಕಿದ್ದು.

ಜಯನಗರದ ಒಂದು ಮನೆಯ ಮೊದಲ ಮಹಡಿಯಲ್ಲಿ ನಮ್ಮ ಚಿಕ್ಕ ಕಂಪನಿ ಇತ್ತು. ಆಸ್ಪತ್ರೆಗಳ ಕಂಪ್ಯೂಟರುಗಳನ್ನು ನೆಟ್‌ವರ್ಕಿಗೆ ಜೋಡಿಸುವ ಪೆಟ್ಟಿಗೆಗಳನ್ನು ಮಾಡುತ್ತಿದ್ದೆವು. ಯಡಿಯೂರಿನಿಂದ ನಡೆದೇ ಬರುತ್ತಿದ್ದ ಮೇಡಂ ಆ ಪೆಟ್ಟಿಗೆಯ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳು, ನೋಡಿಕೊಳ್ಳುತ್ತಿದ್ದರು. ನಾನು ಅವರ ಕೈಕೆಳಗೆ ಹೊಸಬ.

ಆ ವರ್ಷ ಹೊಸಕೆರೆಹಳ್ಳಿಯ ಒಂದು ನರ್ಸಿಂಗ್ ಹೋಮಿನಿಂದ ದೂರು ಬಂತು. ಅವರು ಕಳಿಸುವ ಇಸಿಜಿ ಚಿತ್ರಗಳು ಕೆಲವೊಮ್ಮೆ ಹೃದಯ ತಜ್ಞರಿಗೆ ತಲುಪುತ್ತಲೇ ಇರಲಿಲ್ಲ. ಅಲ್ಲಿ ಕೇಬಲ್ ಎಳೆದಿದ್ದ ನಮ್ಮ ಕಂಪನಿಯ ಹುಡುಗ ಮಂಜುನಾಥನ ಮೇಲೆ ಎಲ್ಲರೂ ತಪ್ಪು ಹೊರಿಸಿದರು. ಎರಡು ಸಲ ಕೇಬಲ್ ಬದಲಾಯಿಸಿದ, ಏನೂ ಸರಿಹೋಗಲಿಲ್ಲ. ಮುಂದಿನ ತಿಂಗಳಿಂದ ಬರುವುದು ಬೇಡ ಎಂದು ಮ್ಯಾನೇಜರ್ ಅವನಿಗೆ ಹೇಳಿಬಿಟ್ಟರು.

ಮೇಡಂ ಒಪ್ಪಲಿಲ್ಲ. ಚಿತ್ರ ನೆಟ್‌ವರ್ಕಿನಲ್ಲಿ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಹೋಗುತ್ತದೆ. ಬೇಡವಾದ ಪ್ಯಾಕೆಟ್ಟನ್ನು ಕರ್ನಲ್ ಬಿಸಾಡುತ್ತದೆ. ನಮ್ಮ ಪೆಟ್ಟಿಗೆ ಎಷ್ಟು ಬಿಸಾಡಿದೆ ಎಂದಷ್ಟೇ ಹೇಳುತ್ತಿತ್ತು, ಏಕೆ ಎಂದು ಹೇಳುತ್ತಿರಲಿಲ್ಲ.

“ಬಿಸಾಡೋ ಪ್ರತಿ ಜಾಗದಲ್ಲೂ ಕಾರಣ ಬರೆಸ್ತೀನಿ,” ಎಂದರು.

“ಅಷ್ಟೆಲ್ಲ ಯಾಕೆ ಮೇಡಂ? ಬೇರೆ ಹುಡುಗನ್ನ ಕಳ್ಸೋಣ, ಮುಗೀತು,” ಎಂದರು ಮ್ಯಾನೇಜರ್.

“ಅವನೂ ಕೇಬಲ್ಲೇ ಬದಲಾಯಿಸ್ತಾನೆ ಸಾರ್.”

ಮೂರು ವಾರ ಕೂತರು. ಕರ್ನಲ್ಲಿನ ಕೋಡಿನಲ್ಲಿ ಪ್ಯಾಕೆಟ್ ಬಿಸಾಡುವ ಸಾಲುಗಳನ್ನು ಒಂದೊಂದಾಗಿ ಹುಡುಕಿ ‘ಜಾಗವಿಲ್ಲ’, ‘ವಿಳಾಸ ತಪ್ಪು’, ‘ನಿಯಮ ತಡೆಯಿತು’ ಎಂದು ಕಾರಣ ಕಟ್ಟಿದರು. ನರ್ಸಿಂಗ್ ಹೋಮಿನ ಪೆಟ್ಟಿಗೆಗೆ ಹೊಸ ಕರ್ನಲ್ ಹಾಕಿದ ದಿನ ಮಧ್ಯಾಹ್ನವೇ ಒಂದು ಚಿತ್ರ ಕಾಣೆಯಾಯಿತು. ಮೇಡಂ ತಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಪ್ರತಿ ಸಾಲಿನಲ್ಲೂ ಒಂದೇ ಕಾರಣ: ನಿಯಮ ತಡೆಯಿತು. ತುಂಡಾಗಿ ಬರುವ ಪ್ಯಾಕೆಟ್ಟುಗಳನ್ನು ಒಳಗೆ ಬಿಡಬೇಡ ಎಂಬ ನಿಯಮ. ದೊಡ್ಡ ಚಿತ್ರಗಳ ಪ್ಯಾಕೆಟ್ಟುಗಳು ತುಂಡಾಗಿಯೇ ಬರುತ್ತಿದ್ದವು. ಆ ನಿಯಮ ಬರೆದವನು ನಾನು.

“ಈಗಲೇ ತೆಗೆದುಬಿಡ್ತೀನಿ ಮೇಡಂ. ಯಾರಿಗೂ ಗೊತ್ತಾಗಲ್ಲ.”

“ಮಂಜುನಾಥ?”

ನಾನು ನಿಯಮಗಳ ಫೈಲು ತೆರೆದೆ.

“ನಿಯಮ ಮೊದಲು ತೆಗಿ. ಆಮೇಲೆ ಹೋಗಿ ನೀನೇ ಹೇಳು. ನಾನು ಜೊತೆಗೆ ಬರ್ತೀನಿ,” ಎಂದರು.

ಮ್ಯಾನೇಜರ್ ನನ್ನನ್ನು ಬೈದಷ್ಟು ಹೊತ್ತೂ ಮೇಡಂ ಪಕ್ಕದಲ್ಲೇ ನಿಂತಿದ್ದರು. ಆಮೇಲೆ ನನ್ನಿಂದಲೇ ಮಂಜುನಾಥನಿಗೆ ಫೋನ್ ಮಾಡಿಸಿದರು. ತಪ್ಪು ನನ್ನದು ಎಂದೆ. “ನಾನ್ ಹೇಳ್ದೆ ತಾನೆ ಗುರು, ಕೇಬಲ್ ಚೆನ್ನಾಗಿದೆ ಅಂತ,” ಎಂದ. ಅವನ ಕೆಲಸ ಉಳಿಯಿತು.

ಮುಂದೆ ಮೇಡಂ ನಿವೃತ್ತರಾಗಿ ಪದ್ಮನಾಭನಗರದ ಮಗಳ ಮನೆಗೆ ಹೋದರು. ಕೊನೆಯ ಸಲ ಸಿಕ್ಕಿದ್ದು ಬನಶಂಕರಿ ಬಸ್ ನಿಲ್ದಾಣದಲ್ಲಿ. ಅಂದು ನನ್ನ ಮೇಲೆ ಏಕೆ ರೇಗಲಿಲ್ಲ ಎಂದು ಕೇಳಿಯೇಬಿಟ್ಟೆ.

“ನನ್ನ ಮೊದಲನೇ ಕೆಲಸದಲ್ಲಿ ನಾನೂ ಹೀಗೇ ತಪ್ಪು ಮಾಡಿದ್ದೆ ಕಣೋ. ರಾಜಣ್ಣ ಅಂತ ಒಬ್ರು ವೈರ್‌ಮನ್. ಅದನ್ನ ಅವರ ತಲೆಗೆ ಕಟ್ಟಿದ್ರು. ನಾನು ಬಾಯಿ ಬಿಡ್ಲಿಲ್ಲ. ಅವ್ರ ಕೆಲಸ ಹೋಯ್ತು. ಆಮೇಲೆ ಎಷ್ಟೋ ಹುಡುಕ್ದೆ, ಸಿಗ್ಲೇ ಇಲ್ಲ.”

ಅಷ್ಟರಲ್ಲಿ ಬಸ್ಸು ಬಂತು. ಹತ್ತಿ ಕೂತು, ಕಿಟಕಿಯಿಂದ ಬಗ್ಗಿ, “ಮಂಜುನಾಥಂಗೆ ಹೇಳ್ಬೇಡ. ಪಾಪ, ನನ್ನನ್ನ ಏನೇನೋ ಅಂದ್ಕೊಂಡಿದಾನೆ,” ಎಂದರು.

ಕಳೆದ ಬೇಸಿಗೆಯಲ್ಲಿ ಮೇಡಂ ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಮಂಜುನಾಥ ಅವರ ಮನೆ ಮುಂದೆ ಬಂದವರಿಗೆ ಕುರ್ಚಿ ಹಾಕುತ್ತಿದ್ದ. ಕಣ್ಣೊರೆಸಿಕೊಂಡು, “ಒಬ್ರಿಗೂ ಅನ್ಯಾಯ ಮಾಡ್ದೋರಲ್ಲ ಗುರು,” ಎಂದ.

“ಹೌದು,” ಎಂದು ಅವನ ಕೈಯಿಂದ ಎರಡು ಕುರ್ಚಿ ಇಸಿದುಕೊಂಡೆ.