ನಳದ ಬದಿಯ ಫರ್ಸಿ

ಅಂಗನವಾಡಿಯ ಅಂಗಳಕ್ಕೆ ಶಹಾಬಾದಿ ಫರ್ಸಿ ಕಲ್ಲು ಹಾಕಿಸಿದವಳು ಸಾಬಮ್ಮನೇ. ಆ ಫರ್ಸಿಯ ಕೆಳಗಿನ ಮಣ್ಣಿಗಾಗಿ ಜೀವ ಹಿಂಡಿಕೊಂಡವಳೂ ಅವಳೇ.

ಚಿತ್ತಾಪುರದಿಂದ ವಾಡಿಗೆ ಹೋಗುವ ದಾರಿಯ ಊರು ಅವಳದು. ಇಪ್ಪತ್ತೊಂಬತ್ತು ವರ್ಷ ಅಲ್ಲಿಯ ಅಂಗನವಾಡಿಗೆ ಆಯಾ ಆಗಿ ದುಡಿದಳು. ಕಸ ಗುಡಿಸುವುದು, ಉಪ್ಪಿಟ್ಟು ಬೇಯಿಸುವುದು, ಮೂಗು ಒರೆಸುವುದು, ಒಲ್ಲೆನೆಂದು ಹೊಸ್ತಿಲು ಹಿಡಿದು ಅಳುವ ಕೂಸನ್ನು ಸೊಂಟಕ್ಕೇರಿಸಿಕೊಂಡು ತರುವುದು ಅವಳ ಕೆಲಸ. ಅಕ್ಷರ ಕಲಿಸುವವರು ಟೀಚರು. ಆದರೆ ಅಂಗಳ ಸಾಬಮ್ಮನದು.

ಅಂಥಿಂಥ ಅಂಗಳವಲ್ಲ ಅದು. ಅಪ್ಪಟ ಕಪ್ಪು ಎರೆಮಣ್ಣು. ಜೂನಿನ ಮಿರಗದ ಮಳೆ ಒಂದು ಸಲ ಹೊಡೆದರೆ ಸಾಕು, ಕೂಸುಗಳ ಕಾಲಿಗೆ ಮಣ್ಣು ಮೆತ್ತಿ ಮೆತ್ತಿ ಜೋಡಿನಷ್ಟು ದಪ್ಪವಾಗುತ್ತಿತ್ತು. ಆ ಮಳೆಗೆ ಮಖಮಲ್ಲಿನಂಥ ಕೆಂಪು ಹುಳ ಹೊರಬೀಳುತ್ತಿದ್ದವು. ಅವನ್ನು ಎಣಿಸುತ್ತಲೇ ಮಕ್ಕಳು ಹತ್ತರವರೆಗೆ ಕಲಿತರು. ಹನ್ನೊಂದನೆಯದು ಓಡಿಹೋದರೆ ಎಷ್ಟು ಉಳಿದವೆಂದು ಯಾರೂ ಕೇಳಬೇಕಿರಲಿಲ್ಲ, ಅವರೇ ಹೇಳುತ್ತಿದ್ದರು. ಮಣ್ಣಿನ ರೊಟ್ಟಿ ತಟ್ಟುತ್ತಿದ್ದರು, ಒಡ್ಡು ಹಾಕಿ ನೀರು ನಿಲ್ಲಿಸುತ್ತಿದ್ದರು, ಒಡ್ಡು ಒಡೆದರೆ ಜಗಳಾಡುತ್ತಿದ್ದರು. ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡುತ್ತಿದ್ದರು. ಒಂದಕ್ಕೆ ಕೊಂಬು ಸೊಟ್ಟ, ಇನ್ನೊಂದಕ್ಕೆ ಹೊಟ್ಟೆ ನೆಲಕ್ಕೆ. ಆದರೂ ಯಾರ ಎತ್ತು ಯಾವುದೆಂದು ಕಣ್ಣು ಮುಚ್ಚಿ ಹೇಳಬಹುದಿತ್ತು.

ಸಂಜೆಯಾದರೆ ಅವ್ವಂದಿರ ದಂಡು ಸಾಬಮ್ಮನ ಬಾಗಿಲಿಗೆ ಬರುತ್ತಿತ್ತು.

“ಕೂಸಿಗೆ ಓದ್ಲಿಕ್ಕ ಕಳಿಸೀವೋ, ಎಮ್ಮಿ ಹಂಗ ಹೊರಳಾಡ್ಲಿಕ್ಕ ಕಳಿಸೀವೋ? ಈ ಅಂಗಿ ನೀನೇ ತೊಳದು ಕೊಡು!”

ಬೈಸಿಕೊಂಡು ಬೈಸಿಕೊಂಡು ಅವಳ ಮೋರೆ ಸಣ್ಣದಾಯಿತು. ಪಂಚಾಯ್ತಿ ಮೆಂಬರ್ ಹಣಮಂತರಾಯನ ಬೆನ್ನು ಹತ್ತಿದಳು. ನಾಲ್ಕು ವರ್ಷ ಅಲೆದಳು. ಕಡೆಗೊಂದು ದಿನ ಟ್ರಾಕ್ಟರಿನಲ್ಲಿ ಫರ್ಸಿ ಬಂತು. ಗುಲಾಮ ದಸ್ತಗೀರ ಮೇಸ್ತ್ರಿ ಬಂದು, ದಾರ ಹಿಡಿದು, ಒಂದರ ಪಕ್ಕ ಒಂದು ಕೂಡಿಸಿದ. ಅಂಗಳ ಗಂಗಾಳದಂತೆ ಹೊಳೆಯಿತು. ಸಾಬಮ್ಮ ಅವತ್ತು ಮೇಸ್ತ್ರಿಗೆ ಮನೆಯಿಂದ ಹೋಳಿಗೆ ತಂದು ಉಣಿಸಿದ್ದಳು.

ಬೈಯುವವರು ಬರುವುದು ನಿಂತಿತು. ಕೆಂಪು ಹುಳ ಬರುವುದೂ ನಿಂತಿತು. ಮಕ್ಕಳು ಸಾಲಾಗಿ ಕುಂತು ಗೋಡೆಯ ಚಿತ್ರ ನೋಡಿ “ಎತ್ತು” ಅನ್ನುತ್ತಿದ್ದರು. ಏನೋ ಕಳೆದಿದೆ ಎಂದು ಅವಳಿಗೆ ಅನಿಸುತ್ತಿತ್ತು. ಏನೆಂದು ಗೊತ್ತಾದದ್ದು ಆರನೆಯ ವರ್ಷದ ಅಮಾಸಿಗೆ. ಹನ್ನೊಂದು ಕೂಸು ಹನ್ನೊಂದು ಜೋಡಿ ಎತ್ತು ತಂದಿದ್ದವು. ಎಲ್ಲಾ ವಾಡಿಯ ಅಂಗಡಿಯವು, ಒಂದೇ ಅಚ್ಚಿನವು, ನೀಲಿ ಕೊಂಬಿನವು. ಸಾಲಾಗಿ ಇಟ್ಟು ಪೂಜೆ ಮುಗಿಸಿ ಎತ್ತಿಕೊಳ್ಳಲು ಹೋದರೆ ತನ್ನದು ಯಾವುದೆಂದು ಒಂದು ಕೂಸಿಗೂ ತಿಳಿಯಲಿಲ್ಲ. ನಂದು ನಂದು ಎಂದು ಅತ್ತವು, ಕಿತ್ತಾಡಿದವು. ಸಾಬಮ್ಮ ಎರಡು ಕೈಯಲ್ಲಿ ಎರಡು ಎತ್ತು ಹಿಡಿದು ನಿಂತಳು. ಯಾರಿಗೆ ಯಾವುದು ಕೊಡಬೇಕೆಂದು ಅವಳಿಗೂ ತಿಳಿಯಲಿಲ್ಲ.

ಬರುವ ಜೂನ್ ಕೊನೆಗೆ ಅವಳ ನೌಕರಿ ಮುಗಿಯುವುದಿತ್ತು. ಅಷ್ಟರೊಳಗೆ ಒಂದು ಫರ್ಸಿಯಾದರೂ ಎಬ್ಬಿಸಿ, ಈ ಮಕ್ಕಳ ಕೈಗೆ ಮಣ್ಣು ಹತ್ತಿದ್ದನ್ನು ನೋಡಿ ಹೋಗಬೇಕು ಎಂಬ ಒಂದೇ ಆಸೆ ಅವಳೊಳಗೆ ಬೇರೂರಿತು.

ಟೀಚರ್ ಪೂನಮ್‌ಗೆ ಹೇಳಿದಳು. ಪೂನಮ್ ಚಿಕ್ಕ ವಯಸ್ಸಿನವಳು, ದಿನಾ ಮೇಲಧಿಕಾರಿಗಳಿಗೆ ಮೊಬೈಲಿನಲ್ಲಿ ಫೋಟೋ ಕಳಿಸುವ ಜವಾಬ್ದಾರಿ ಹೊತ್ತವಳು.

“ಆಯಾ, ನೀವು ಹೋಗೋವ್ರು. ನಾಳೆ ಯಾರರೆ ಕೇಳಿದ್ರ ನಾ ಏನ್ ಹೇಳ್ಲಿ? ಮೊದಲು ಮೇಸ್ತ್ರಿಗಿ ಒಪ್ಪಸ್ರಿ. ಅವ್ರು ಒಪ್ಪಿದ್ರ ನಾ ಬ್ಯಾಡ ಅನ್ನಂಗಿಲ್ಲ.”

ಮೇಸ್ತ್ರಿ ಒಪ್ಪುವುದಿಲ್ಲವೆಂದು ಪೂನಮ್‌ಗೆ ಖಾತ್ರಿಯಿತ್ತು. ಅದು ಖರೆಯೂ ಆಯಿತು.

“ಏನು? ನಾ ಕೂಡಿಸಿದ ಫರ್ಸಿ ಕೀಳಬೇಕಾ?” ದಸ್ತಗೀರ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದ. “ಆರು ಮಳಿಗಾಲ ಕಂಡಾವ. ಒಂದರೆ ಅಲುಗಾಡ್ಯದೇನು, ಹೇಳು!”

“ಅಲುಗಾಡಿಲ್ಲ ಅಂತಲೇ ನಿನ್ನ ತನಕ ಬಂದೀನಿ ದಸ್ತಗೀರಣ್ಣ. ಅಲುಗಾಡಿದ್ರ ನಾನೇ ಎಬ್ಬಿಸ್ತಿದ್ದೆ.”

“ನಾಕು ವರ್ಷ ಹಾಕ್ರಿ ಹಾಕ್ರಿ ಅಂತ ಜೀವ ತಿಂದಿ. ಈಗ ಕೀಳು ಅಂತಿ. ಮಂದಿ ಏನಂತಾರ? ಮೇಸ್ತ್ರಿ ಒಂದು ಫರ್ಸಿ ಮನಿಗೆ ಒಯ್ದಾನ ಅಂತಾರ.”

“ತಗದಿದ್ದು ಅಲ್ಲೇ ಗ್ವಾಡಿಗೆ ಆನಿಸಿ ಇಡು. ಎಲ್ಲಾರೂ ನೋಡ್ಲಿ.” ಸಾಬಮ್ಮ ಎದ್ದು ನಿಂತಳು. “ನಿನ್ನ ಮೊಮ್ಮಗಳು ಸಮ್ರೀನ್‌ಗೆ ಚಿತ್ರ ತೋರ್ಸಿದ್ರ ಎತ್ತು ಅಂತಾಳ. ಬೆನ್ನ ಮ್ಯಾಲಿನ ಡುಬ್ಬ, ಇಣಿ, ಎಲ್ಲಿ ಬರ್ತದ ಅಂದ್ರ ಬಾಲ ತೋರಸ್ತಾಳ. ನೀ ಕಲ್ಲಿನ ಮೈ ಮುಟ್ಟಿ ಪದರು ಹೇಳಾಂವ. ನಿನಗ ಯಾರು ಕಲಿಸ್ಯಾರ? ಚಿತ್ರ ನೋಡಿ ಕಲ್ತೇನು?”

ದಸ್ತಗೀರ ಇನ್ನೊಂದು ಎಲೆಗೆ ಸುಣ್ಣ ಹಚ್ಚತೊಡಗಿದ. ಎಂಟು ದಿನ ಬಿಟ್ಟು ಕಬ್ಬಿಣದ ಹಾರಿ ಹಿಡಿದು ಅಂಗನವಾಡಿಗೆ ಬಂದ.

ನೀರಿನ ನಳದ ಬದಿಯ ಒಂದು ಫರ್ಸಿಯನ್ನು, ಒಡೆಯದಂತೆ, ಸಂದಿಯ ಸಿಮೆಂಟ್ ಕೆತ್ತಿ ಕೆತ್ತಿ, ಮಗ್ಗಲಾಗಿ ಎಬ್ಬಿಸಿದ. ಕೆಳಗೆ ಕರಿಮಣ್ಣು ತಣ್ಣಗೆ ಮಲಗಿತ್ತು. ಬಿಸಿಲು ಕಾಣದ ಬಿಳಿ ಬೇರು, ಒಂದು ಎರೆಹುಳ. ಆ ವಾಸನೆ ಮೂಗಿಗೆ ಬಡಿದದ್ದೇ ಸಾಬಮ್ಮ ಅಲ್ಲೇ ಕುಂತು ಒಂದು ಹಿಡಿ ಮಣ್ಣು ಎತ್ತಿಕೊಂಡಳು.

ಮಕ್ಕಳು ಸುತ್ತ ನಿಂತವು. ಒಂದೂ ಇಳಿಯಲಿಲ್ಲ. ಸಮ್ರೀನ್ ಚಪ್ಪಲಿ ಬಿಟ್ಟು ಅಂಚಿಗೆ ಬಂದು ಕೇಳಿದಳು:

“ಆಯಾ, ಕಾಲು ತೊಳ್ಕೊಂಡು ಇಳೀಬೇಕಾ?”

ದಸ್ತಗೀರ ನಗಲು ಹೋಗಿ ಅರ್ಧಕ್ಕೇ ನಿಂತ. ಹಾರಿ ಹೆಗಲಿಗಿಟ್ಟು, “ಅಮಾಸಿತನಕ ಕಾಯ್ತೀನಿ,” ಎಂದ. “ಯಾರೂ ಕೈ ಹಚ್ಚಲಿಲ್ಲಂದ್ರ ಮತ್ತ ಮುಚ್ಚತೀನಿ. ಕೂಸುಗಳು ಎಡವಿ ಬಿದ್ರ ನನಗ ಬೈತಾರ.”

ನೌಕರಿಯ ಉಳಿದ ದಿನವೆಲ್ಲ ಸಾಬಮ್ಮ ಕರೆದಳು, ಕುಂತಳು, ತಾನೇ ಎತ್ತು ಮಾಡಿ ತೋರಿಸಿದಳು. ಮಕ್ಕಳು ಒಂದು ಬೆರಳು ತಾಗಿಸಿ, ಗೋಡೆಗೆ ಒರೆಸಿ, ಒಳಗೆ ಓಡುತ್ತಿದ್ದವು. ಒಂದು ಕೂಸು ಮಾತ್ರ ಅವಳ ಪಕ್ಕ ಕುಂತು, ಅವಳ ಕೈಯನ್ನು ನೋಡುತ್ತಿತ್ತು, ಮಣ್ಣನ್ನಲ್ಲ. ಜೂನ್ ಮೂವತ್ತನೆಯ ತಾರೀಖು ಬಂತು. ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು. ಹೊರಗೆ ಬರುವಾಗ ನಳದ ಬದಿ ನೋಡಿದಳು. ಮಣ್ಣಿನ ಮೇಲೆ ಅವಳದೇ ಕೈಗುರುತು, ಬೇರೆ ಯಾವುದೂ ಇರಲಿಲ್ಲ.

ಐದು ದಿನಕ್ಕೆ ಅಮಾಸಿ. ಹಿಂದಿನ ರಾತ್ರಿ ಮಳೆ ಚೆನ್ನಾಗಿ ಬಿದ್ದಿತ್ತು. ಹೋಗಿ ನೋಡಲೇ ಎಂದು ಎರಡು ಸಲ ಚಪ್ಪಲಿ ಮೆಟ್ಟಿದಳು, ಎರಡು ಸಲ ಬಿಟ್ಟಳು. ಬಿಟ್ಟು ಬಂದ ನೌಕರಿಯ ಬಾಗಿಲಲ್ಲಿ ಇಣುಕುವುದು ಅವಳಿಗೆ ಸೇರದು. ದಸ್ತಗೀರ ಹಾರಿ ಹಿಡಿದು ಓಣಿಯಲ್ಲಿ ಹೋದದ್ದನ್ನು ಕಟ್ಟೆಯ ಮೇಲೆ ಕುಂತೇ ನೋಡಿದಳು. ಮುಗಿಯಿತು ಅಂದುಕೊಂಡಳು.

ಮಧ್ಯಾಹ್ನ ದಸ್ತಗೀರನ ಸೊಸೆ ಜೈಬುನ್ನೀಸಾ ದಡದಡ ಬಂದಳು. ಕೈಯಲ್ಲಿ ಮಗಳು ಸಮ್ರೀನಳ ಅಂಗಿ. ಕೊರಳಿನಿಂದ ಅಂಚಿನವರೆಗೆ ಕಪ್ಪು.

“ನೋಡ್ರಿ ಆಯಾ, ನಿಮ್ಮ ಕೆಲಸ! ನಿನ್ನೆ ಒಗದಿದ್ದು! ಎತ್ತು ಮಾಡ್ಯಾಳಂತ. ಮೂರೇ ಕಾಲು. ನಾಕನೇದು ಎಲ್ಲಿ ಅಂದ್ರ, ಎತ್ತು ಮಲಗ್ಯಾದ, ಅದರ ಕೆಳಗ ಅದ ಅಂತಾಳ! ಆ ಟೀಚರ್ ಸುದ್ದಾ ಮೊಣಕೈತನಕ ಮಣ್ಣು ಮಾಡ್ಕೊಂಡು ಕುಂತಾಳ.”

“ನಿಮ್ಮ ಮಾವ ಫರ್ಸಿ ಮುಚ್ಚಲಿಕ್ಕ ಹೋಗಿದ್ದನಲ್ಲವ್ವ?”

“ಹೋಗಿದ್ರು. ಅಲ್ಲೇ ಕುಂತು ಕೊಂಬು ತಿದ್ದಲಿಕತ್ತಾರ. ಈ ಅಂಗಿ ನೀವೇ ತೊಳದು ಕೊಡ್ರಿ, ನನ್ನ ಕೈಲಿ ಆಗಂಗಿಲ್ಲ!”

“ಇಟ್ಟು ಹೋಗವ್ವ,” ಎಂದಳು ಸಾಬಮ್ಮ.

ಜೈಬುನ್ನೀಸಾ ಬೈಯುತ್ತಲೇ ಹೋದಳು. ಸಾಬಮ್ಮ ಅಂಗಿಯನ್ನು ತೊಡೆಯ ಮೇಲೆ ಹರವಿಕೊಂಡಳು. ಎದೆಯ ಮೇಲೆ ಐದು ಸಣ್ಣ ಬೆರಳು ಒರೆಸಿದ ಗುರುತು ಇನ್ನೂ ಹಸಿಯಾಗಿತ್ತು. ಬಕೆಟಿನಲ್ಲಿ ನೀರು ತುಂಬಿಟ್ಟಿದ್ದಳು. ಆದರೂ ಆ ಅಂಗಿ ನೆನೆಯಹಾಕಲು ಅವಳಿಗೆ ಸಂಜೆಯಾಯಿತು.