ಬಾಟ್ಲಿ ಎತ್ತಿ ಹಿಡಿ

ಡಾಕ್ಟರ ಎಡಗೈಯ ಎರಡು ಬೆರಳು ಕೊಕ್ಕೆಯ ಹಾಗೆ ಮಡಚಿಕೊಂಡವು, ಮತ್ತೆ ಬಿಚ್ಚಲೇ ಇಲ್ಲ. ಮುರಿದವನು ನಾನು.

ವಿಶಾಖಪಟ್ಟಣದ ಕಾರ್ಖಾನೆಯೊಂದರಲ್ಲಿ ಬೆಸುಗೆ ಪರೀಕ್ಷಿಸುವುದು ನನ್ನ ಕೆಲಸ. ಕೋಪ ಮೂಗಿನ ತುದಿಯಲ್ಲೇ. ನಾದಿನಿಯ ಮದುವೆಗೆ ಮಂಗಳಗಿರಿ ಸೀರೆ ಕೊಳ್ಳಲು ವಿಜಯವಾಡಕ್ಕೆ ಹೋದಾಗ ಹೆಂಡತಿಗೆ ಭೇದಿ ಹತ್ತಿಕೊಂಡಿತು. ಅಲ್ಲಿನ ಗವರ್ನರ್‌ಪೇಟೆಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆ. ಅಲ್ಲಿದ್ದವರು ಹುಬ್ಬಳ್ಳಿ ಕಡೆಯ ಈ ಡಾಕ್ಟರು. ಕರುಳಿಗೆ ಕೊಳವೆ ಇಳಿಸಿ ನೋಡುವುದರಲ್ಲಿ ಎತ್ತಿದ ಕೈ.

ಮೂರನೆಯ ದಿನ ಬಾಟ್ಲಿ ಮೇಲೆ ಬಾಟ್ಲಿ ಸಲೈನ್ ಏರಿಸಿದರೂ ಅಷ್ಟೂ ರಕ್ತದ ಜೊತೆ ಹೊರಗೆ ಹೋಗುತ್ತಿತ್ತು. ಅವಳ ಕಣ್ಣು ಗುಳಿಬಿದ್ದಿದ್ದವು. ಹಾಕಿದ ನೀರೇ ಬರುತ್ತಿದೆ, ನಿಲ್ಲಿಸಿದರೆ ಭೇದಿಯೂ ನಿಲ್ಲುತ್ತದೆ ಎಂದು ನನಗೆ ಖಾತ್ರಿ. ನಮ್ಮಜ್ಜಿ ಭೇದಿಯಾದವರಿಗೆ ನೀರು ಮುಟ್ಟಿಸುತ್ತಿರಲಿಲ್ಲ. ಸೂಜಿ ಕಿತ್ತೆಸೆದೆ. ಗೋಡೆಗೆ ರಕ್ತ ಚಿಮ್ಮಿತು. ತಡೆಯಲು ಬಂದ ಡಾಕ್ಟರ ಮೇಲೆ ಕಬ್ಬಿಣದ ಸ್ಟ್ಯಾಂಡ್ ಬೀಸಿದೆ. ಅದಕ್ಕೂ ಮಂಚದ ಸರಳಿಗೂ ನಡುವೆ ಸಿಕ್ಕ ಅವರ ಎರಡು ಬೆರಳು ಲಟಕ್ಕೆಂದವು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಬಲಗೈಯಿಂದ ಅವರು ನನ್ನ ಕೆನ್ನೆಗೆ ಬಾರಿಸಿದರು. ಅದೇ ಕೈಯಲ್ಲಿ ಅವಳಿಗೆ ಹೊಸ ಸೂಜಿ ಚುಚ್ಚಿದರು. ಎಡಗೈ ರಕ್ತ ಸುರಿಸುತ್ತ ಜೋತಾಡುತ್ತಿತ್ತು.

"ಸ್ಟ್ಯಾಂಡ್ ಮುರದಿ. ಇನ್ನ ನೀನ ಸ್ಟ್ಯಾಂಡ್. ಬಾಟ್ಲಿ ಎತ್ತಿ ಹಿಡಿ!"

ಹಿಡಿದೆ. ನರ್ಸ್ ಬೆರಳಿಗೆ ಬಟ್ಟೆ ಸುತ್ತುತ್ತಿದ್ದಾಗ ಅವರು ಹಲ್ಲು ಕಚ್ಚಿ ಹೇಳಿದರು: "ಹಾಕಿದ ನೀರು ಸೋರಾಕತ್ತಿಲ್ಲೋ. ಕ್ರಿಮಿ ಬಂತಂತ ಆಕಿ ಮೈಯಾಗಿನ ಕಾವಲು ಕಣಗಳು ಸೈಟೊಕೈನ್ ಅನ್ನೋ ರಾಸಾಯನಿಕ ಬಿಡ್ತಾವ. ಅದು ಕರುಳಿನ ಒಳಪದರದ ಬೆಸುಗಿ ಸಡ್ಲ ಮಾಡತೈತಿ, ಉಪ್ಪು ಹೊರಗ ದಬ್ಬತೈತಿ. ಉಪ್ಪಿನ ಹಿಂದ ರಕ್ತದಾಗಿನ ನೀರು ಹೊಂಟೈತಿ. ಬಡಿಯೋರು ಒಳಗಿನವ್ರ. ಅವ್ರು ತಣ್ಣಗಾಗೋತನಕ ನೀರು ಹಾಕ್ಬೇಕು. ಇಲ್ಲಾಂದ್ರ ಒಣಗಿ ಸಾಯ್ತಾಳ."

ಬೆಸುಗೆ ಬಿಟ್ಟರೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

ಅವಳು ಬದುಕಿದಳು. ಕರುಳು ನೋಡುವ ಕೊಳವೆಯ ಚಕ್ರ ತಿರುಗಿಸುವ ಅವರ ಎಡಗೈ ಮಾತ್ರ ಕೆಲಸಕ್ಕೆ ಬಾರದೆ ಹೋಯಿತು. ಅವರು ಪೊಲೀಸರಿಗೆ ದೂರು ಕೊಡಲಿಲ್ಲ, ನನ್ನನ್ನು ಕ್ಷಮಿಸಲೂ ಇಲ್ಲ. ಆ ಕೆಲಸ ಬಿಟ್ಟು ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಲು ವಿಶಾಖಪಟ್ಟಣಕ್ಕೆ ಬಂದವರು ನನ್ನನ್ನು ಕರೆಸಿ ಶಿಕ್ಷೆ ಹೇಳಿದರು. ಪ್ರತಿ ಭಾನುವಾರ ಕಾಲೇಜಿನ ಆಸ್ಪತ್ರೆಯ ವಾರ್ಡಿಗೆ ಬಂದು, ಭೇದಿ ರೋಗಿಗಳ ಕಡೆಯವರ ಮುಂದೆ ಮಾಡಿದ್ದನ್ನು ಬಾಯಿಬಿಟ್ಟು ಹೇಳಬೇಕು. ಡಾಕ್ಟರು ಸೊಟ್ಟ ಬೆರಳು ಎತ್ತಿ ತೋರಿಸುವರು, "ನೋಡ್ರಿ, ಮುರದಾಂವ ಇವನ." ಐದು ವರ್ಷ ತೆಲುಗಿನಲ್ಲಿ ಒಪ್ಪಿಸಿದೆ. ಕೆಲವು ಭಾನುವಾರ ಮೈ ಉರಿಯುತ್ತಿತ್ತು. ಆದರೂ ನನ್ನ ತಂದೆಗಿಂತ ಹೆಚ್ಚಾಗಿ ಅವರನ್ನು ಪ್ರೀತಿಸಿದೆ.

ಕಳೆದ ತಿಂಗಳು ಅವರು ಹೃದಯಾಘಾತದಿಂದ ತೀರಿಕೊಂಡರು.

"ಇನ್ನು ಯಾಕ್ರೀ ಹೋಗ್ಬೇಕು?" ಎಂದಳು ಹೆಂಡತಿ. ಭಾನುವಾರ ಬಂತು, ಹೋದೆ. ವಾರ್ಡಿನಲ್ಲಿ ಒಬ್ಬ ತನ್ನ ಮಗಳ ತೋಳಿನ ಸೂಜಿಗೆ ಕೈ ಹಾಕಿದ್ದ. ಅವನ ಮಣಿಕಟ್ಟು ಹಿಡಿದೆ. ಮುಖಕ್ಕೆ ಗುದ್ದಿದ. ಬಾಯಿತುಂಬ ರಕ್ತ. ಹಿಡಿತ ಬಿಡದೆ ಶುರುಮಾಡಿದೆ: "ಬಾಬೂ, ನಾನು ಒಬ್ಬ ಡಾಕ್ಟರ ಬೆರಳು ಮುರಿದವನು."