ನೇಮಯ್ಯನವರ ಮೂರು ಕ್ಲಾಸು

ನೇಮಯ್ಯನವರು ಎದುರಿಗೆ ಕೂತವರ ಬರಹವನ್ನು ತಲೆಕೆಳಗಾಗಿಯೇ ಓದುತ್ತಿದ್ದರು. ನೀವು ಮೇಜಿನ ಈಚೆ ಕೂತು ಬರೆಯುತ್ತಿದ್ದರೆ ಆಚೆ ಕೂತ ಅವರು ಕಾಗದ ತಿರುಗಿಸಿಕೊಳ್ಳುವ ಗೋಜಿಗೆ ಹೋಗದೆ ನಿಮ್ಮ ಪೆನ್ನಿನ ಬೆನ್ನು ಹತ್ತಿ ಬರುತ್ತಿದ್ದರು. ವಾಕ್ಯ ಮುಗಿಯುವ ಮೊದಲೇ ಅವರ ಮುಖ ಸಣ್ಣಗಾಗಿರುತ್ತಿತ್ತು. ಸಾಗರದ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತೈದು ವರ್ಷ ಅಚ್ಚುಮೊಳೆ ಜೋಡಿಸಿದ ಮನುಷ್ಯ ಅವರು. ಸೀಸದ ಅಕ್ಷರಗಳನ್ನು ಹೆಕ್ಕಿ ಸಾಲು ಮಾಡುವವರಿಗೆ ಸಾಲನ್ನು ತಲೆಕೆಳಗಾಗಿ ಓದಿಯೇ ರೂಢಿ. ಬೆರಳ ತುದಿಗಳು ಸದಾ ಕಪ್ಪು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು, ಹೆಗಲ ಮೇಲೊಂದು ಟವೆಲು.

ಇಂಥವರು ದೊಡ್ಡವರಿಗೆ ಕಥೆ ಬರೆಯುವುದನ್ನು ಕಲಿಸುತ್ತಾರೆ ಎಂದು ಕೇಳಿದಾಗ ನನಗೆ ನಗು ಬಂದಿತ್ತು. ಅರವತ್ತರ ದಶಕದ ನಡುವಿನ ಮಾತು. ನಾನು ಹೊಸನಗರದಲ್ಲಿ ಪ್ರೈಮರಿ ಶಾಲೆಯ ಮೇಡಂ. ನಮ್ಮ ಕಡೆಯ ಬಾಯಲ್ಲಿ ಅಕ್ಕೋರು. ನಾಲ್ಕು ವರ್ಷ ಕೂತು ಒಂದು ಕಾದಂಬರಿ ಬರೆದಿದ್ದೆ. ಮುನ್ನೂರು ಪುಟ. ಅದನ್ನು ಓದಿದವರು ಯಾರೂ ಇರಲಿಲ್ಲ. ಪೋಸ್ಟಾಫೀಸಿನಲ್ಲಿದ್ದ ನನ್ನ ಯಜಮಾನರು ಹದಿನೆಂಟನೇ ಪುಟದಲ್ಲಿ ನಿದ್ದೆ ಹೋಗಿದ್ದನ್ನು ಓದು ಎಂದು ನಾನು ಲೆಕ್ಕ ಹಿಡಿದಿಲ್ಲ. ಅದು ಕಾದಂಬರಿ ಹೌದೋ ಅಲ್ಲವೋ ಎಂದು ಹೇಳುವ ಒಬ್ಬರು ನನಗೆ ಬೇಕಿತ್ತು. ನೇಮಯ್ಯನವರ ಕೈ ದಾಟಿ ಹೋದ ಪುಸ್ತಕಗಳಿಗೆ ಲೆಕ್ಕವಿಲ್ಲ, ಅವರು ಹೂಂ ಎಂದರೆ ಪ್ರೆಸ್ಸಿನವರೂ ಕಣ್ಣುಮುಚ್ಚಿ ಅಚ್ಚಿಗೆ ತೆಗೆದುಕೊಳ್ಳುತ್ತಾರೆ ಎಂದು ಜನ ಹೇಳುತ್ತಿದ್ದರು.

ಅವರಿಗೆ ಮೂರು ಕ್ಲಾಸುಗಳಿದ್ದವು. ಭಾನುವಾರ ಬೆಳಿಗ್ಗೆ ಸಾಗರದಲ್ಲಿ, ಪ್ರೆಸ್ಸಿನ ಕಾಗದದ ಕೋಣೆಯಲ್ಲಿ. ಒಂದು ಶನಿವಾರ ಹೊಸನಗರದಲ್ಲಿ. ಇನ್ನೊಂದು ಶನಿವಾರ ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರಿನಲ್ಲಿ, ಒಬ್ಬ ದರ್ಜಿಯ ಅಂಗಡಿಯ ಹಿಂದಿನ ಸಣ್ಣ ಕೋಣೆಯಲ್ಲಿ. ಮಧ್ಯಾಹ್ನ ಪ್ರೆಸ್ಸು ಬಿಟ್ಟೊಡನೆ ಬಸ್ಸು ಹತ್ತಿ ಬಂದು ಪಾಠ ಮುಗಿಸಿ, ಹುಂಚದಲ್ಲಿದ್ದ ತಮ್ಮ ಸ್ವಂತ ಮನೆಯಲ್ಲಿ ಉಳಿದು, ಬೆಳಗಿನ ಮೊದಲ ಬಸ್ಸಿಗೆ ಸಾಗರಕ್ಕೆ ವಾಪಸು. ಮೂರೂ ಕಡೆ ಬೇರೆ ಬೇರೆ ಜನ, ಬೇರೆ ಬೇರೆ ಪಾಠ. ಯಾರು ಎಲ್ಲಿಗೆ ಎಂದು ಅವರೇ ನಿರ್ಧರಿಸುತ್ತಿದ್ದರು. ಸಾಗರದ್ದು ದೊಡ್ಡ ಕ್ಲಾಸು, ಹೊಸನಗರದ್ದು ನಡುವಿನದು, ಕೋಣಂದೂರಿನದು ಈಗಷ್ಟೇ ಅಕ್ಷರ ಕಲಿತವರದು ಎಂದು ಎಲ್ಲರಿಗೂ ಗೊತ್ತಿತ್ತು. ಅವರ ಬಾಯಿಂದ ಮಾತ್ರ ಆ ಮಾತು ಒಮ್ಮೆಯೂ ಬಂದದ್ದಿಲ್ಲ.

ಕಾದಂಬರಿಯ ಕಟ್ಟು ಹೊತ್ತುಕೊಂಡು ಸಾಗರಕ್ಕೆ ಹೋದೆ. ಅವರು ಕಟ್ಟನ್ನು ಮುಟ್ಟಲೂ ಇಲ್ಲ. ಪ್ರೂಫಿನ ಕಾಗದವೊಂದರ ಖಾಲಿ ಬೆನ್ನನ್ನು ನನ್ನ ಮುಂದಿಟ್ಟರು.

"ಬೆಳಿಗ್ಗೆ ಮನೆ ಬಿಟ್ಟಾಗಿಂದ ಇಲ್ಲೀತಂಕ ಆಗಿದ್ದು ಬರೀರಿ ಅಕ್ಕೋರೆ. ಅರ್ಧ ಪುಟ ಸಾಕು."

ಅರುಣೋದಯದಿಂದ ಶುರು ಮಾಡಿದೆ. ಹೊಂಗಿರಣ, ಹಕ್ಕಿಗಳ ಕಲರವ, ವನದೇವಿಯ ಹಸಿರು ಸೆರಗು, ಏನನ್ನೂ ಬಿಡಲಿಲ್ಲ. ಅವರು ಆಚೆಯಿಂದಲೇ ಓದುತ್ತಾ ಬಂದು ಕೇಳಿದರು: "ಬಸ್ಸು ಸರಿಯಾದ ಹೊತ್ತಿಗೆ ಬಂತಾ?"

"ಎಲ್ಲಿ ಬಂತು, ಮುಕ್ಕಾಲು ಗಂಟೆ ತಡ. ಪಕ್ಕದಲ್ಲಿ ಕೂತವಳ ಕೋಳಿ ನನ್ನ ಸೀರೆಯನ್ನೆಲ್ಲ ಹಾಳು ಮಾಡಿತು."

"ಅದು ಇದ್ರಲ್ಲಿ ಇಲ್ವಲ್ಲ." ತಮ್ಮ ಕಪ್ಪು ಬೆರಳುಗಳನ್ನು ನೋಡಿಕೊಂಡರು. "ನಾನು ಒಂದೊಂದು ಅಕ್ಷರ ಎತ್ತಿ ಇಡೋನು. ಕೋಳಿಗಾದ್ರೆ ನನ್ನ ಕೈ ಏಳುತ್ತೆ. ಈ ವನದೇವಿಗೆ ಏಳಲ್ಲ." ಕಾಗದವನ್ನು ನನ್ನ ಕಡೆ ಸರಿಸಿ, "ಕೋಣಂದೂರಿಗೆ ಬನ್ನಿ" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮೂರಲ್ಲೇ ಕ್ಲಾಸು ನಡೆಯುತ್ತಿರುವಾಗ ಎರಡು ಬಸ್ಸು ಬದಲಿಸಿ, ಮೊನ್ನೆ ಅಕ್ಷರ ಕಲಿತವರ ಜೊತೆ ಚಾಪೆಯ ಮೇಲೆ ಕೂರಬೇಕೆ? ಹೋಗುವುದೇ ಇಲ್ಲ ಎಂದು ಮನೆಗೆ ಬಂದು ಪಾತ್ರೆ ಕುಕ್ಕಿದೆ. "ಹೋಗ್ಬೇಡ ಬಿಡು," ಎಂದು ಯಜಮಾನರು ಪೇಪರಿನ ಹಿಂದಿನಿಂದ ಹೇಳಿದರು, "ಮುನ್ನೂರು ಪುಟ ಇದೆ, ಚಳಿಗಾಲಕ್ಕೆ ಬಚ್ಚಲೊಲೆಗೆ ಆಗುತ್ತೆ." ಆ ಒಂದು ಮಾತಿಗೆ ಹೋದೆ.

ಕೋಣಂದೂರಿನಲ್ಲಿ ಏಳು ಜನ. ಅವರಲ್ಲಿ ದೇವಮ್ಮ ಎಂಬಾಕೆ ಮಂಡಕ್ಕಿ ಭಟ್ಟಿಯವಳು, ನಲವತ್ತು ದಾಟಿದವಳು. ಓದಲು ಬರೆಯಲು ಕಲಿತು ಒಂದು ವರ್ಷವಾಗಿತ್ತು. ಮೂರನೆಯ ಸಲ ಹೋದಾಗ ನೇಮಯ್ಯನವರ ಬಸ್ಸು ದಾರಿಯಲ್ಲಿ ಕೆಟ್ಟು ಅವರು ಬರುವುದು ತಡವಾಯಿತು. ಏಳೂ ಜನ ಬರೆದು ತಂದ ಹಾಳೆಗಳು ಹೊಲಿಗೆಯ ಮೇಜಿನ ಮೇಲಿದ್ದವು. ಸುಮ್ಮನೆ ಕೂತು ಕೂತು ನನಗೆ ಬೇಸರವಾಯಿತು. ಚೀಲದಲ್ಲಿ ಕೆಂಪು ಶಾಯಿಯ ಪೆನ್ನಿತ್ತು. ಹನ್ನೆರಡು ವರ್ಷ ಶಾಲೆಯಲ್ಲಿ ಮಾಡಿದ್ದನ್ನೇ ಮಾಡಿದೆ. ಒಂದೊಂದನ್ನೂ ತಿದ್ದಿ, ಕೆಳಗೆ ಮಾರ್ಕು ಬರೆದು ಅದರ ಸುತ್ತ ಸೊನ್ನೆ ಸುತ್ತಿದೆ.

ದೇವಮ್ಮ ಬರೆದದ್ದು ಇಷ್ಟು: ಹುಂಚಕ್ಕೆ ಹೋಗುವ ಬಸ್ಸು ಯಾವುದೆಂದು ತಾನು ಯಾವಾಗಲೂ ಯಾರನ್ನಾದರೂ ಕೇಳಬೇಕಿತ್ತು, ಈ ಸಲ ಕೇಳದೆ ಬೋರ್ಡನ್ನು ತಾನೇ ಓದಿ ಹತ್ತಿದಳು, ಕಂಡಕ್ಟರು ಬೋರ್ಡು ತಿರುಗಿಸುವುದನ್ನು ಮರೆತಿದ್ದನಾದ್ದರಿಂದ ತೀರ್ಥಹಳ್ಳಿಯಲ್ಲಿ ಇಳಿದಳು, ತಾನು ಓದಿದ್ದು ಸರಿಯಾಗಿತ್ತು, ಬಸ್ಸು ತಪ್ಪಾಗಿತ್ತು. ಅದಕ್ಕೆ ನಾನು ಹತ್ತಕ್ಕೆ ನಾಲ್ಕು ಕೊಟ್ಟೆ. ಸಂತೆಯಲ್ಲಿ ಮಂಡಕ್ಕಿ ಮಾರುವವಳಿಗೆ ಅದರ ಅರ್ಥ ಯಾರೂ ಹೇಳಬೇಕಿರಲಿಲ್ಲ. ಹಾಳೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದುಹೋದಳು. ಮುಂದಿನ ಸಲ ಬರಲಿಲ್ಲ. ಅದರ ಮುಂದಿನ ಸಲವೂ ಬರಲಿಲ್ಲ.

ನೇಮಯ್ಯನವರು ಬೈಯಬಹುದಿತ್ತು. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿ ಆಡಿ ಹಗುರಾಗುತ್ತಿದ್ದೆ. ಅವರು ಟವೆಲಿನಿಂದ ಕನ್ನಡಕ ಒರೆಸಿಕೊಂಡು ತಣ್ಣಗೆ ಹೇಳಿದರು: "ದೇವಮ್ಮ ಮತ್ತೆ ಬಂದು ಕೂತ ಮಾರನೇ ದಿನ ನೀವು ಕಟ್ಟು ತಗಂಡು ಸಾಗರಕ್ಕೆ ಬನ್ನಿ, ಬಿಚ್ಚಿ ಓದ್ತೀನಿ. ಅವ್ರು ಬರ್ಲಿಲ್ಲ ಅಂದ್ರೆ ಅದನ್ನ ನಾನು ಬಿಚ್ಚಲ್ಲ."

ಮಂಡಕ್ಕಿ ಭಟ್ಟಿ ಊರ ಹೊರಗಿತ್ತು. ದೇವಮ್ಮ ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದಳು. ನನ್ನನ್ನು ಕಂಡು ಮಣೆ ಕೊಟ್ಟಳು, ಮಂಡಕ್ಕಿ ಕೊಟ್ಟಳು, ಬೆಲ್ಲ ಕೊಟ್ಟಳು. ಕೊಟ್ಟು ಮತ್ತೆ ಮರಳಿನ ಕಡೆಗೇ ತಿರುಗಿದಳು. ತಪ್ಪಾಯಿತು ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. ಮೇಡಮ್ಮಂದಿರಿಗೆ ಆ ಅಭ್ಯಾಸ ಕಡಿಮೆ. ಕೊನೆಗೆ ಅವಳೇ ಹೇಳಿದಳು.

"ನಂಗೆ ಬರೂದು ಅಷ್ಟೇ ಅಕ್ಕೋರೆ. ಇದ್ದಿದ್ದನ್ನ ಬರ್ದೆ. ಅದ್ಕೂ ನಾಕೇ ಅಂದ್ರೆ, ಇನ್ನೆಂತ ಬರೀಲಿ?"

ಏನು ತೋಚಿತೋ, ಚೀಲದಿಂದ ನನ್ನ ಕಟ್ಟನ್ನು ತೆಗೆದು ಮೊದಲ ಹಾಳೆಯನ್ನು ಅವಳ ಕೈಗಿಟ್ಟೆ. "ಇದು ನಾನು ಬರೆದದ್ದು. ನೀನೂ ಮಾರ್ಕು ಹಾಕು" ಎಂದೆ.

ಅವಳು ಒಲೆಯ ಬೆಂಕಿ ಹಿಂದಕ್ಕೆಳೆದು, ಕೈ ಒರೆಸಿಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು. ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯಿತು. ನನ್ನ ಕಾದಂಬರಿಯನ್ನು ಅಷ್ಟು ಶ್ರದ್ಧೆಯಿಂದ ಅದರ ಮೊದಲೂ ಆಮೇಲೂ ಯಾರೂ ಓದಿಲ್ಲ. ನನ್ನ ನಾಯಕಿ ಅಷ್ಟರಲ್ಲಿ ಮೂರು ಸಲ ಕಿಟಕಿಯ ಬಳಿ ನಿಂತು ನಿಟ್ಟುಸಿರು ಬಿಟ್ಟಿದ್ದಳು. ದೇವಮ್ಮ ಬೆರಳನ್ನು ಅಲ್ಲೇ ಇಟ್ಟು ತಲೆಯೆತ್ತಿದಳು.

"ಈ ಅಮ್ಮ ಒಲೆ ಮೇಲೆ ಎಂತ ಇಟ್ಟಾಳೆ?"

"ಏನೂ ಇಟ್ಟಿಲ್ಲ."

"ಮತ್ತೆ ಉಂಬೂದು ಎಂತ?"

ನಾಲ್ಕು ವರ್ಷದಲ್ಲಿ ನನ್ನ ನಾಯಕಿ ಒಂದು ಹೊತ್ತೂ ಉಂಡಿರಲಿಲ್ಲ ಎಂದು ಆಗ ಹೊಳೆಯಿತು. ದೇವಮ್ಮ ಇದ್ದಿಲಿನಿಂದ ಹಾಳೆಯ ಅಡಿಯಲ್ಲಿ ಹತ್ತಕ್ಕೆ ಮೂರು ಎಂದು ಬರೆದು, ನನ್ನ ಹಾಗೆಯೇ ಸುತ್ತಲೂ ಸೊನ್ನೆ ಸುತ್ತಿದಳು. ನನಗೆ ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ನಗುವೂ ಬಂತು. ಅವಳೂ ಸೆರಗು ಬಾಯಿಗಿಟ್ಟು ನಕ್ಕಳು. ತಪ್ಪಾಯಿತು ದೇವಮ್ಮ ಎಂದು ಆಗ ಹೇಳಲು ಸಾಧ್ಯವಾಯಿತು.

ಮುಂದಿನ ಸಲ ಅವಳು ಬಂದು ಕೂತಳು. ಮಾರನೆಯ ದಿನ ಸಾಗರದಲ್ಲಿ ನೇಮಯ್ಯನವರು ನನ್ನ ಕಟ್ಟು ಬಿಚ್ಚಿದರು. ನಾಲ್ಕು ವಾರ ಇಟ್ಟುಕೊಂಡು ಹಿಂದಿರುಗಿಸಿದಾಗ ನಡುನಡುವೆ ಕಾಗದದ ಚೂರುಗಳಿದ್ದವು. "ಹನ್ನೊಂದು ಪುಟಕ್ಕೆ ಕೈ ಎದ್ದಿದೆ ಅಕ್ಕೋರೆ. ನಿಮ್ಮ ನಾಯಕಿ ಅತ್ತೆ ಜೊತೆ ಜಗಳ ಆಡಿದ್ದು. ಅದು ಕಾದಂಬರಿ ಅಲ್ಲ, ಕಥೆ. ಉಳಿದಿದ್ದು ನೀವು ಬರೀಲಿಲ್ಲ, ಯಾರೋ ಬರ್ದಿದ್ದನ್ನ ನೆನಪು ಮಾಡ್ಕಂಡಿದೀರಿ." ಎರಡು ದಿನ ನಾನು ಊಟ ಸರಿಯಾಗಿ ಮಾಡಲಿಲ್ಲ. ಆ ಹನ್ನೊಂದು ಪುಟ ಮುಂದೆ ಒಂದು ವಾರಪತ್ರಿಕೆಯಲ್ಲಿ ಬಂದಿತು. ನನ್ನ ಹೆಸರಿನಲ್ಲಿ ಅಚ್ಚಾದ ಮೊದಲ ಕಥೆ ಅದೇ.

ಅವರ ಬಗ್ಗೆ ನನಗೊಂದು ಕುತೂಹಲ ಮೊದಲಿನಿಂದಲೂ ಇತ್ತು. ಇಷ್ಟು ತಿಳಿದವರು ತಾವೇಕೆ ಒಂದಕ್ಷರವನ್ನೂ ಬರೆಯಲಿಲ್ಲ? ಬಸ್ಸಿನಲ್ಲಿ, ಪ್ರೆಸ್ಸಿನಲ್ಲಿ, ಹೋಟೆಲಿನಲ್ಲಿ ಎಷ್ಟು ಸಲ ಕೇಳಿದ್ದೇನೋ. "ನೋಡಾಣ," ಎಂದು ಮಾತು ತೇಲಿಸಿಬಿಡುತ್ತಿದ್ದರು. ಕೆಲವು ವರ್ಷಗಳ ಮೇಲೆ ಕಾಲು ಬಾವು ಬಂದು ಓಡಾಟ ಕಷ್ಟವಾದಾಗ ಕ್ಲಾಸುಗಳನ್ನು ಒಬ್ಬೊಬ್ಬರಿಗೆ ಹಂಚಿದರು. ಸಾಗರದ್ದು ನನಗೆ ಸಿಗಬಹುದೆಂಬ ಆಸೆ ಒಳಗೊಳಗೇ ಇತ್ತು. ಕೊಟ್ಟದ್ದು ಕೋಣಂದೂರು. ಈ ಸಲ ನಾನು ಪಾತ್ರೆ ಕುಕ್ಕಲಿಲ್ಲ.

ಕೊನೆಯ ಸಲ ಅವರನ್ನು ಕಂಡದ್ದು ಹುಂಚದ ಅವರ ಮನೆಯ ಜಗುಲಿಯಲ್ಲಿ. ಕೆಲಸ ಬಿಟ್ಟಿದ್ದರು. ಬೆರಳುಗಳ ಕಪ್ಪು ಹೋಗಿ ಬೇರೆ ಯಾರದೋ ಕೈಗಳಂತೆ ಕಾಣುತ್ತಿದ್ದವು. ಕಾಫಿ ಕುಡಿದ ಮೇಲೆ ಅಂಗಿಯ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ನನ್ನ ಮುಂದಿಟ್ಟರು.

"ನಾನೇ ಬರ್ದಿದ್ದು. ಓದಿ ನೋಡಿ. ಯಾವ ಕ್ಲಾಸಿಗೆ ಹಾಕ್ತೀರಿ?"

ಓದಿದೆ. ಜೀವನವೆಂಬ ನೌಕೆ, ಕಾಲವೆಂಬ ಪ್ರವಾಹ, ವಿಧಿಯ ಕೈವಾಡ. ನಮ್ಮೆಲ್ಲರ ಹಾಳೆಗಳಿಂದ ಅವರು ಹೊಡೆದುಹಾಕಿದ್ದೆಲ್ಲ ಅಲ್ಲಿ ಬಂದು ಕೂತಿತ್ತು. ಎರಡನೆಯ ಸಲವೂ ಓದಿದೆ, ಒಂದಾದರೂ ಸಾಲು ಸಿಕ್ಕೀತೇ ಎಂದು. ಸಿಗಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕಾಯಿಲೆಯ ಮನುಷ್ಯ, ನನಗೆ ಬರೆಯಲು ಕಲಿಸಿದವರು, ಸಾಗರ ಎಂದುಬಿಡಲು ಖರ್ಚೇನಿತ್ತು? ಬಾಯಿಯವರೆಗೆ ಬಂದಿತ್ತು.

"ಕೋಣಂದೂರು" ಎಂದೆ.

ಅವರು ಹಾಳೆಯನ್ನು ಮಡಿಸಿ ಜೇಬಿಗಿಟ್ಟರು. ಮುಖ ಸಣ್ಣಗಾಗಲಿಲ್ಲ, ತುಂಬ ದಿನದಿಂದ ಕಾಯುತ್ತಿದ್ದ ಕಾಗದ ಟಪಾಲಿನಲ್ಲಿ ಬಂದವರ ಹಾಗಿದ್ದರು. "ನಂಗೂ ಹಂಗೇ ಅನ್ಸಿತ್ತು," ಎಂದರು. "ನೀವು ಸಾಗರ ಅಂದಿದ್ರೆ ಇಷ್ಟು ವರ್ಷ ನಾನು ಕಲಿಸಿದ್ದು ದಂಡ ಆಗ್ತಿತ್ತು. ಸರಿ, ಎಂತ ಬರೀಲಿ ಹೇಳಿ."

"ಪ್ರೆಸ್ಸಿನಲ್ಲಿ ಮೊದಲನೇ ದಿನ ಏನೇನಾಯಿತು, ಅದನ್ನು ಬರೀರಿ."

ಅವರು ಸ್ವಲ್ಪ ಹೊತ್ತು ಅಂಗಳದ ಕಡೆ ನೋಡಿದರು. ಆಮೇಲೆ ಒಬ್ಬರೇ ನಕ್ಕರು, ಏನೋ ನೆನಪಾದವರ ಹಾಗೆ. "ಶನಿವಾರ ತರ್ತೀನಿ. ಗಾಡಿ ಮಾಡ್ಕಂಡಾದ್ರೂ ಬರ್ತೀನಿ" ಎಂದರು. ಏನು ನೆನಪಾಯಿತು ಎಂದು ನಾನು ಕೇಳಲಿಲ್ಲ. ಬರೆದು ತರಲಿ, ಓದೋಣ ಎಂದು ಸುಮ್ಮನಾದೆ.

ಶನಿವಾರ ದರ್ಜಿ ಅಂಗಡಿಯ ಬಾಗಿಲಲ್ಲಿ ನಿಂತು ಕಾದೆ. ದೇವಮ್ಮ ಒಳಗೆ ಗೋಡೆಗೊರಗಿ ಕೂರಲು ಅವರಿಗೊಂದು ಜಾಗ ಮಾಡಿದ್ದಳು. ಹುಂಚದ ಕಡೆಯ ಬಸ್ಸು ಬಂತು. ಇಳಿದವರು ಇಬ್ಬರೇ, ಅವರಲ್ಲಿ ಒಬ್ಬ ನೇಮಯ್ಯನವರ ನೆರೆಮನೆಯವನು. ನೇಮಯ್ಯನವರು ಗುರುವಾರ ತೀರಿಕೊಂಡ ಸುದ್ದಿ ತಂದಿದ್ದ. ಅವರು ಬರೆದಿಟ್ಟ ಹಾಳೆಯೇನಾದರೂ ಇದೆಯೇ ಎಂದು ಅಲ್ಲೇ ರಸ್ತೆಯಲ್ಲೇ ಕೇಳಿದೆ. ಅಂಥ ಹೊತ್ತಿನಲ್ಲಿ ಕೇಳುವ ಮಾತಲ್ಲ ಅದು. ಬುಧವಾರ ಪೆನ್ನು, ಕಾಗದ ತರಿಸಿಕೊಂಡಿದ್ದರಂತೆ. ಕಾಗದ ಖಾಲಿಯಿತ್ತಂತೆ.

ಇದೆಲ್ಲ ನಡೆದು ಬಹಳ ಕಾಲವಾಯಿತು. ಎಷ್ಟೋ ಪುಸ್ತಕ ಓದಿದ್ದೇನೆ, ನಾಲ್ಕಾರು ಬರೆದೂ ಇದ್ದೇನೆ. ಆದರೆ ಆ ಜಗುಲಿಯಲ್ಲಿ ಅಂಗಳ ನೋಡುತ್ತಾ ಅವರು ಒಬ್ಬರೇ ಯಾಕೆ ನಕ್ಕರು ಎನ್ನುವುದು ನನಗೆ ಇವತ್ತಿಗೂ ತಿಳಿಯಬೇಕು.